ಬಸ್ಸಿನ ಬುತ್ತಿಗೆ ಕಾಯೋದು ಸಾಕು

ಬೆಳಿಗ್ಗೆ ನಮ್ಮ ಕಡೆಯ ಬಸ್ ಸ್ಟ್ಯಾಂಡಿಗೆ ಹೋದವರಿಗೆಲ್ಲ ಇದು ಗೊತ್ತು. ಹಳ್ಳಿಯಿಂದ ಬಂದ ಬಸ್ಸಿನಲ್ಲಿ ಡ್ರೈವರ್ ಪಕ್ಕ ಸಾಲಾಗಿ ಸ್ಟೀಲ್ ಡಬ್ಬಿ, ವೈರ್ ಚೀಲ, ಅರಿವೆಯಲ್ಲಿ ಕಟ್ಟಿದ ಗಂಟು. ಊರು ಬಿಟ್ಟು ಬಂದು ರೂಮ್ ಮಾಡಿಕೊಂಡ ಹುಡುಗರು ತಮ್ಮ ತಮ್ಮ ಬುತ್ತಿ ಹುಡುಕಿ ಒಯ್ಯುತ್ತಾರೆ. ಖಾಲಿ ಡಬ್ಬಿ ಮತ್ತೆ ಬಸ್ಸಿನಲ್ಲೇ ಊರಿಗೆ. ಧಾರವಾಡ, ಹುಬ್ಬಳ್ಳಿ, ಹಾವೇರಿಯಲ್ಲಿ ಎಷ್ಟೋ ಮಂದಿ ಓದು ಮುಗಿಸಿದ್ದು ಈ ಬುತ್ತಿ ಉಂಡೇ. ಅದನ್ನು ಹೊತ್ತು ತರುವ ಡ್ರೈವರ್, ಕಂಡಕ್ಟರ್‌ಗಳಿಗೆ ದೊಡ್ಡ ನಮಸ್ಕಾರ.

ಆದರೂ ನಾನು ಹೇಳೋದು ಇಷ್ಟೇ: ರೂಮಿನಲ್ಲಿ ಇರೋ ಇಂಜಿನಿಯರಿಂಗ್ ವಿದ್ಯಾರ್ಥಿ ದಿನಕ್ಕೆ ಒಂದು ಹೊತ್ತಾದರೂ ತನ್ನ ಅಡುಗೆ ತಾನೇ ಮಾಡ್ಕೋಬೇಕು.

ಯಾಕಂದ್ರೆ ಬುತ್ತಿ ಪುಕ್ಕಟೆ ಅಲ್ಲ. ಹಾನಗಲ್ಲ ತಾಲೂಕಿನ ಆಡೂರಿನಂಥ ಊರಿನಿಂದ ಏಳರ ಬಸ್ಸಿಗೆ ಬುತ್ತಿ ಹತ್ತಬೇಕು ಅಂದ್ರೆ, ಆರೂವರೆಗೆ ರೊಟ್ಟಿ ಬಡಿದು, ಪಲ್ಲೆ ಮಾಡಿ, ಡಬ್ಬಿ ಕಟ್ಟಿ ಮುಗಿದಿರಬೇಕು. ಅಂದ್ರೆ ಅವ್ವ ಎದ್ದಿದ್ದು ಎಷ್ಟಕ್ಕೆ? ನೀವೇ ಹಿಂದಕ್ಕೆ ಎಣಿಸಿ. ಅದಾದ ಮೇಲೆ ಆಕೆಗೆ ದನಕರು ಐತಿ, ಹೊಲ ಐತಿ. “ಕಳಿಸೋದ್ರಾಗ ಆಕೀಗೆ ಖುಷಿ ಐತಿ” ಅಂತೀವಿ. ಖುಷಿ ಇರೋದು ಖರೆ. ದಣಿವು ಇರೋದೂ ಅಷ್ಟೇ ಖರೆ. ಇಪ್ಪತ್ತು ವರ್ಷದ ಮಗ ಒಂದು ಒಗ್ಗರಣೆ ಹಾಕೋದು ಕಲಿತ್ರೆ ಆ ಖುಷಿಯೇನೂ ಕಡಿಮೆ ಆಗಲ್ಲ.

“ಟೈಮ್ ಎಲ್ಲೈತಿ? ಲ್ಯಾಬ್ ರೆಕಾರ್ಡ್, ಇಂಟರ್ನಲ್ಸ್...” ಅಂತೀರಿ. ಹೋಟೆಲಿಗೆ ಹೋಗಿ, ಟೇಬಲ್‌ಗೆ ಕಾದು, ತಿಂದು ಬರೋಕೆ ಮುಕ್ಕಾಲು ತಾಸು ಬೇಕು. ಜುಣಕಕ್ಕೆ ಹದಿನೈದು ನಿಮಿಷ ಸಾಕು. ಅರ್ಧ ಲೋಟ ಕಡ್ಲಿಹಿಟ್ಟನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕಲಸಿಡಿ. ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ, ಹೆಚ್ಚಿದ ಒಂದು ಉಳ್ಳಾಗಡ್ಡಿ ಹಾಕಿ. ಉಳ್ಳಾಗಡ್ಡಿ ಮೆತ್ತಗಾದ ಮೇಲೆ ಅರಿಷಿಣ, ಉಪ್ಪು, ಕಲಸಿದ ಹಿಟ್ಟು ಸುರಿದು ಕೈ ಬಿಡದೆ ತಿರುವಿ. ಗಟ್ಟಿಯಾದ ಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಮುಚ್ಚಿಡಿ. ಊರಿಂದ ತಂದ ಕಟಿ ರೊಟ್ಟಿ ಜೊತೆಗಿದ್ದರೆ ಊಟ ಆಯ್ತು.

ಅಷ್ಟೂ ಪುರಸೊತ್ತಿಲ್ಲದ ದಿನ ಸೂಸಲ. ಮಂಡಕ್ಕಿ ನೀರಿಗೆ ಹಾಕಿ ತಕ್ಷಣ ಹಿಂಡಿ ತೆಗೆದು, ಉಳ್ಳಾಗಡ್ಡಿ ಒಗ್ಗರಣೆಗೆ ಸೇರಿಸಿ, ಪುಟಾಣಿ ಹಿಟ್ಟು ಉದುರಿಸಿ, ಮೇಲೊಂದು ಹೋಳು ಲಿಂಬೆ. ರಾತ್ರಿಗೆ ಅರ್ಧ ಲೋಟ ಅಕ್ಕಿ, ಕಾಲು ಲೋಟ ಹೆಸರುಬೇಳೆ, ಒಂದು ಟೊಮ್ಯಾಟೊ, ಉಪ್ಪು, ಅರಿಷಿಣ, ಎರಡೂವರೆ ಲೋಟ ನೀರು ಸಣ್ಣ ಕುಕ್ಕರಿಗೆ ಹಾಕಿ ನಾಲ್ಕು ಸೀಟಿ ಹೊಡೆಸಿದರೆ ಕಿಚಡಿ. ಕುಕ್ಕರಿನೊಳಗೆ ಒತ್ತಡ ಏರಿದಾಗ ನೀರು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತೆ, ಅದಕ್ಕೇ ಬೇಳೆ ಬೇಗ ಬೇಯುತ್ತೆ. ಥರ್ಮೋಡೈನಾಮಿಕ್ಸ್‌ನಲ್ಲಿ ಇದನ್ನು ಬರೆದು ಮಾರ್ಕ್ಸ್ ತಗೊಂಡಿದ್ದೀವಿ, ಒಲೆ ಮೇಲೆ ಮಾಡಿ ನೋಡಿಲ್ಲ ಅಷ್ಟೇ.

ಖರ್ಚಿನ ಲೆಕ್ಕವೂ ನೋಡೋಣ. ಇಂಡಕ್ಷನ್ ಒಲೆಯನ್ನು 1200 ವ್ಯಾಟ್‌ನಲ್ಲಿ 15 ನಿಮಿಷ ಉರಿಸಿದರೆ 0.3 ಯೂನಿಟ್. ಆ ಕರೆಂಟಿನ ದುಡ್ಡಿಗೆ ಕ್ಯಾಂಟೀನಿನಲ್ಲಿ ಅರ್ಧ ಚಹಾನೂ ಬರಲ್ಲ.

ಒಬ್ಬರ ಅಡುಗೆಯ ನಿಜವಾದ ತೊಡಕು ಬೇರೆ ಇದೆ, ಅದು ಅಳತೆ. ಮನೆಯ ಅಡುಗೆ ಆರೆಂಟು ಮಂದಿಯ ಲೆಕ್ಕದ್ದು. ಅದನ್ನು ಎಂಟರಿಂದ ಭಾಗಿಸಿದರೆ ಅನ್ನ ತಳ ಹಿಡಿಯುತ್ತೆ. ಯಾಕೆ? ಆವಿಯಾಗಿ ಹೋಗೋ ನೀರು ಪಾತ್ರೆಯ ಬಾಯಿಯ ಅಗಲ ಮತ್ತು ಕುದಿಯೋ ಹೊತ್ತಿನ ಮೇಲೆ ನಿಂತಿದೆ, ಅಕ್ಕಿಯ ತೂಕದ ಮೇಲಲ್ಲ. ಅಕ್ಕಿ ಎಂಟರಲ್ಲಿ ಒಂದಾದರೂ ಆವಿ ಅಷ್ಟು ಕಡಿಮೆ ಆಗಲ್ಲ. ಆದ್ದರಿಂದ ಸಣ್ಣ ಪಾತ್ರೆ, ಮೇಲೆ ಮುಚ್ಚಳ, ನೀರು ತುಸು ಜಾಸ್ತಿ.

ಹಾಗಂತ ನಾಲ್ಕು ಹೊತ್ತಿನದನ್ನು ಒಮ್ಮೆಲೇ ಮಾಡಿಡೋಕೂ ಹೋಗಬೇಡಿ. ರೂಮಿನಲ್ಲಿ ಫ್ರಿಡ್ಜ್ ಇರಲ್ಲ. ಬೇಯಿಸಿದರೂ ಸಾಯದೆ ಉಳಿಯುವ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನದಲ್ಲಿರಬಹುದು. ಹೊರಗೆ ತಾಸುಗಟ್ಟಲೆ ಇಟ್ಟಾಗ ಅವು ಬೆಳೆದು ಮಾಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಹೊಟ್ಟೆ ಕೆಟ್ಟರೆ ಎರಡು ದಿನದ ಅಟೆಂಡೆನ್ಸ್ ಹೋಯ್ತು.

ಹಾಗಾದ್ರೆ ಮನೆಯಿಂದ ಏನೂ ತರಬಾರದಾ? ತರಬೇಕು, ಕೆಡದೇ ಇರೋದನ್ನು. ಶೇಂಗಾ ಹಿಂಡಿ, ಗುರೆಳ್ಳು ಚಟ್ನಿಪುಡಿ, ಕಟಿ ರೊಟ್ಟಿ, ಬ್ಯಾಡಗಿ ಮೆಣಸಿನಕಾಯಿ ಖಾರ. 2011ರಲ್ಲಿ ಜಿಐ ಟ್ಯಾಗ್ ಪಡೆದ ಈ ಮೆಣಸಿನಕಾಯಿ ನಮ್ಮ ಜಿಲ್ಲೆಯದೇ. ಬಣ್ಣ ಜೋರು, ಖಾರ ಕಡಿಮೆ, ಹೊಸದಾಗಿ ಅಡುಗೆ ಕಲಿಯೋರ ಕೈ ತುಸು ಹೆಚ್ಚಾದರೂ ತಡೆಯುತ್ತೆ. ನಮ್ಮ ಹಿರಿಯರು ಹೊಲಕ್ಕೆ, ಸಂತೆಗೆ, ದೂರದ ಊರಿಗೆ ಹೋಗುವಾಗ ಕಟ್ಟಿಕೊಂಡು ಹೋಗಿದ್ದು ಇಂಥದ್ದನ್ನೇ. ಹಾಸ್ಟೆಲ್‌ನಲ್ಲಿ ಒಲೆಗೆ ಪರವಾನಗಿ ಇಲ್ಲದವರೂ ಕಟಿ ರೊಟ್ಟಿ, ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಇಟ್ಕೊಂಡು ಒಂದು ಊಟ ಮುಗಿಸಬಹುದು. ಕದ್ದು ಹೀಟರ್ ಹಚ್ಚಿ ಹಳೇ ವೈರಿಂಗ್ ಸುಡೋದು ಮಾತ್ರ ಬೇಡ.

ಇನ್ನೊಂದು ಮಾತು, ಹುಡುಗರಿಗೆ. “ಹುಡುಗಿಯರಿಗೆ ಬಿಡ್ರಿ, ಅಡುಗೆ ಬರತೈತಿ” ಅಂತೀವಲ್ಲ, ಅವರೇನು ಹುಟ್ಟುತ್ತಲೇ ಕಲಿತು ಬಂದವರಲ್ಲ. ಅವರನ್ನು ಒಲೆ ಮುಂದೆ ಕೂರಿಸಿದಾಗ ನಮ್ಮನ್ನು ಕ್ರಿಕೆಟ್ ಆಡೋಕೆ ಬಿಟ್ಟಿದ್ರು, ವ್ಯತ್ಯಾಸ ಅಷ್ಟೇ. ನಾಳೆ ಬೆಂಗಳೂರಿಗೋ ಪುಣೆಗೋ ಕೆಲಸಕ್ಕೆ ಹೋದಾಗ, ಮದುವೆ ಆದಾಗ, ಈ ವ್ಯತ್ಯಾಸದ ಭಾರ ಇನ್ನೊಬ್ಬಳ ಮೇಲೆ ಬೀಳುತ್ತೆ. ಅವಳೂ ನಮ್ಮ ಹಾಗೇ ಬೆಳಿಗ್ಗೆ ಆಫೀಸಿಗೆ ಓಡೋಳೇ.

ಇಬ್ಬರು ರೂಮ್‌ಮೇಟ್ ಇದ್ದರೆ ಒಬ್ಬ ಅಡುಗೆ ಮಾಡಲಿ, ಇನ್ನೊಬ್ಬ ಪಾತ್ರೆ ತೊಳೀಲಿ, ವಾರಕ್ಕೊಮ್ಮೆ ಅದಲು ಬದಲು. ಈ ಸೆಮ್ ಮುಗಿಯೋದರೊಳಗೆ ಮೂರು ಅಡುಗೆ ಸಾಕು. ಇವತ್ತು ಮನೆಗೆ ಫೋನ್ ಮಾಡಿದಾಗ “ನಾಳೆ ಏನ್ ಕಳಸ್ತಿ?” ಅನ್ನೋ ಬದಲು “ಅವ್ವಾ, ಜುಣಕಕ್ಕ ನೀರು ಎಷ್ಟ್ ಹಾಕ್ತಿ?” ಅಂತ ಕೇಳಿ. “ಕಣ್ಣಳತಿ” ಅಂತಾಳೆ. ಬಿಡಬೇಡಿ, ಲೋಟದ ಲೆಕ್ಕದಲ್ಲಿ ಹೇಳಿಸಿ, ಬರ್ಕೊಳ್ಳಿ.