ಹೆಸರು ಕೊಂಡೆವು, ಕೆಲಸ ಎಲ್ಲಿ?

ಬ್ರಿಟನ್ನಿನ ನಾರ್ಟನ್ ಬೈಕ್ ಮತ್ತೆ ಸುದ್ದಿಯಲ್ಲಿದೆ. 2025ರ ನವೆಂಬರ್‌ನಲ್ಲಿ ಇಟಲಿಯ ಮಿಲಾನ್ ಪ್ರದರ್ಶನದಲ್ಲಿ ‘ಮ್ಯಾಂಕ್ಸ್ ಆರ್’ ಎಂಬ ಹೊಸ ಮಾದರಿ ತೋರಿಸಿದರು. ಕಂಪನಿ ಅವರದು, ಯಜಮಾನರು ನಮ್ಮವರು. 2020ರ ಏಪ್ರಿಲ್‌ನಲ್ಲಿ 1.6 ಕೋಟಿ ಪೌಂಡ್ ಕೊಟ್ಟು ನಾರ್ಟನ್ ಖರೀದಿಸಿದ್ದು ಟಿವಿಎಸ್. ಅದರದೊಂದು ಕಾರ್ಖಾನೆ ಮೈಸೂರು–ನಂಜನಗೂಡು ರಸ್ತೆಯ ಕಡಕೊಳದ ಬಳಿಯೇ ಇದೆ. ಇನ್ನೊಂದು ಬ್ರಿಟಿಷ್ ಹೆಸರು ಬಿಎಸ್‌ಎ 2016ರಲ್ಲೇ ಮಹೀಂದ್ರಾ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಪಾಲಾಯಿತು. ‘ಆಳಿದವರನ್ನೇ ಕೊಂಡೆವು’ ಎಂಬ ಸ್ಟೇಟಸ್ ಹಾಕಿದವರಲ್ಲಿ ನಾನೂ ಒಬ್ಬ.

ಆಮೇಲೆ ಇವು ಮುಳುಗಿದ್ದು ಹೇಗೆಂದು ಓದಿದೆ. 1950ರಲ್ಲಿ ನಾರ್ಟನ್ ರೇಸ್ ಬೈಕಿಗೆ ‘ಫೆದರ್‌ಬೆಡ್’ ಎಂಬ ಹೊಸ ಚಾಸಿ ಬಂತು. ಅದನ್ನು ರೂಪಿಸಿದ ಬೆಲ್‌ಫಾಸ್ಟ್‌ನ ರೆಕ್ಸ್ ಮೆಕ್ಯಾಂಡ್ಲೆಸ್ ಕೈಕೆಲಸದಲ್ಲೇ ಕಲಿತವನು. (ಐಟಿಐ ಗೆಳೆಯರೇ, ಈ ಹೆಸರು ನೆನಪಿಡಿ.) ಆ ಚಾಸಿಯ ಮೇಲೆ ಕುಳಿತು ಜೆಫ್ ಡ್ಯೂಕ್ 1951ರಲ್ಲಿ 350 ಮತ್ತು 500 ಸಿಸಿ ಎರಡರಲ್ಲೂ ವಿಶ್ವ ಚಾಂಪಿಯನ್ ಆದ. ಇಟಲಿಯವರು ಆಗಲೇ ನಾಲ್ಕು ಸಿಲಿಂಡರ್ ಎಂಜಿನ್ ಓಡಿಸುತ್ತಿದ್ದರು. ನಾರ್ಟನ್ ಮಾತ್ರ ಒಂದೇ ಸಿಲಿಂಡರ್ ಬಿಡಲಿಲ್ಲ. 1953ರಲ್ಲಿ ಡ್ಯೂಕ್ ಇಟಲಿಯ ಗಿಲೆರಾ ಸೇರಿಕೊಂಡು ಸತತ ಮೂರು ವರ್ಷ 500 ಸಿಸಿ ಪಟ್ಟ ಗೆದ್ದ. 1961ರ ಐಲ್ ಆಫ್ ಮ್ಯಾನ್ ಟಿಟಿಯಲ್ಲಂತೂ ಮೈಕ್ ಹೇಲ್‌ವುಡ್ 500 ಸಿಸಿ ಗೆದ್ದದ್ದು ನಾರ್ಟನ್‌ನಲ್ಲಿ, 125 ಮತ್ತು 250 ಗೆದ್ದದ್ದು ಹೋಂಡಾದಲ್ಲಿ. ಮುಂದೆ ಏನಾಗಲಿದೆ ಎಂಬುದು ಆ ಒಂದೇ ವಾರದಲ್ಲಿ ಕಾಣುತ್ತಿತ್ತು.

ಅದೇ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಬೈಕ್ ತಯಾರಿಕೆ ಶುರುವಾಗಿತ್ತು. ನಮ್ಮ ದೊಡ್ಡಪ್ಪನ ಯೆಜ್ಡಿ ಅಲ್ಲಿಯದೇ. ಕೋಟೆಯ ಮನೆಯ ಕೊಟ್ಟಿಗೆಯಲ್ಲಿ ಈಗಲೂ ನಿಂತಿದೆ. 1985ರಲ್ಲಿ ಕಡಿಮೆ ಪೆಟ್ರೋಲ್ ಕುಡಿಯುವ ಫೋರ್‌ಸ್ಟ್ರೋಕ್ ಹೀರೋ ಹೋಂಡಾ ಬಂತು. ಟೂಸ್ಟ್ರೋಕ್ ಬಿಡದ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ನಾರ್ಟನ್ ಕತೆಯೇ, ಊರು ಬೇರೆ ಅಷ್ಟೆ.

2018ರಲ್ಲಿ ಜಾವಾ ಹೆಸರು ಮರಳಿ ಬಂತು, ಮೈಸೂರಿಗೆ ಬರಲಿಲ್ಲ. ಹೊಸ ಜಾವಾ ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಯೆಜ್ಡಿ ಹೆಸರು ಯಾರದೆಂದು ಹೈಕೋರ್ಟಿನಲ್ಲಿ ವ್ಯಾಜ್ಯವೇ ನಡೆಯಿತು. ಹೆಸರಿಗೆ ಅಷ್ಟು ಬೆಲೆ! ಅದನ್ನು ಕಟ್ಟಿದ ಫಿಟ್ಟರ್, ಟರ್ನರ್‌ಗಳ ಕೈಯ ಬೆಲೆ ಯಾವ ದಾವೆಯಲ್ಲೂ ಬರುವುದಿಲ್ಲ. ನಾರ್ಟನ್ ವಿಷಯದಲ್ಲೂ ಅಷ್ಟೆ: ಯಜಮಾನಿಕೆ ಭಾರತಕ್ಕೆ ಬಂತು, ಮ್ಯಾಂಕ್ಸ್ ಮಾಡುವ ಕೆಲಸ ಇಂಗ್ಲೆಂಡಿನ ಸೋಲಿಹಲ್‌ನಲ್ಲೇ ಉಳಿಯಿತು. ಅದು ತಪ್ಪೆನ್ನುತ್ತಿಲ್ಲ, ಅಲ್ಲಿಯ ಕೆಲಸಗಾರರಿಗೂ ಮನೆಯಿದೆ. ನಮ್ಮ ಹೆಮ್ಮೆಯ ಲೆಕ್ಕ ತಪ್ಪಿದೆ ಎನ್ನುತ್ತಿದ್ದೇನೆ.

ಹೋದ ವರ್ಷ ಕ್ಯಾಂಪಸ್ ಸಂದರ್ಶನಕ್ಕೆ ಬಂದಿದ್ದ ಒಂದು ಕಂಪನಿಯವರನ್ನು ಕೇಳಿದೆ: ‘ಸರ್, ಅಪ್ರೆಂಟಿಸ್ ಮುಗಿದ ಮೇಲೆ ಐಟಿಐನವರು ಡಿಸೈನ್ ವಿಭಾಗಕ್ಕೆ ಹೋಗುವ ದಾರಿ ಇದೆಯೇ?’ ಅವರು ಒಂದು ಕ್ಷಣ ನನ್ನನ್ನೇ ನೋಡಿ, ಕ್ಯಾಂಟೀನ್ ಮತ್ತು ಬಸ್ ಸೌಲಭ್ಯ ಚೆನ್ನಾಗಿದೆ ಎಂದರು.