ಏಳು ನೂರು ರೂಪಾಯಿಯ ಲೈಸನ್ಸು

ಕಳೆದ ತಿಂಗಳು ಬಸವಾಪಟ್ಟಣದ ಬಸ್ ನಿಲ್ದಾಣದ ಬಳಿ ಒಬ್ಬ ಯುವಕ ನನ್ನನ್ನು ತಡೆದು ನಿಲ್ಲಿಸಿ, "ಮೇಷ್ಟ್ರೇ, ನನಗೊಂದು ಎಂಟನೇ ಕ್ಲಾಸು ಪಾಸಾದ ಸರ್ಟಿಫಿಕೇಟು ಕೊಡಿಸಬೇಕು" ಎಂದು ಕೇಳಿದ. ನಾನು ಪಾಠ ಹೇಳುವುದನ್ನು ಬಿಟ್ಟು ಪಕ್ಷದ ಕೆಲಸಕ್ಕೆ ಬಂದು ವರ್ಷಗಳಾದವು; ಆದರೂ ಹಳೆಯ ಹುಡುಗರ ಕಣ್ಣಿಗೆ ನಾನಿನ್ನೂ ಮೇಷ್ಟ್ರೇ. ಈತ ಆರನೆಯ ತರಗತಿಯಲ್ಲಿ ಶಾಲೆ ಬಿಟ್ಟವನು. ಅಡಿಕೆ ಸುಲಿಯುವ ಕಾಲದಲ್ಲಿ ಮನೆಮಂದಿಯ ಜತೆ ಹೋದವನು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಈಗ ಬೇರೊಬ್ಬರ ಕಾರು ಓಡಿಸುತ್ತಾನೆ. ಮದುವೆ ದಿಬ್ಬಣ, ಧರ್ಮಸ್ಥಳದ ಯಾತ್ರೆ, ನಡುರಾತ್ರಿ ಹೆರಿಗೆ ನೋವು ಬಂದರೆ ದಾವಣಗೆರೆ ಆಸ್ಪತ್ರೆ, ಎಲ್ಲಕ್ಕೂ ಈತನೇ. ಆದರೆ ಕೈಯಲ್ಲಿ ಲೈಸನ್ಸಿಲ್ಲ. ಮಾಡಿಸಲು ಹೋದರೆ ದಲ್ಲಾಳಿ ಹೇಳಿದನಂತೆ: ಬಾಡಿಗೆ ಗಾಡಿಯ ಲೈಸನ್ಸಿಗೆ ಎಂಟನೇ ಕ್ಲಾಸಿನ ಸರ್ಟಿಫಿಕೇಟು ಬೇಕು, ಜತೆಗೆ ಎಂಟು ಸಾವಿರ ರೂಪಾಯಿ ಬೇಕು, ಸರ್ಟಿಫಿಕೇಟು ಇಲ್ಲದಿದ್ದರೆ ಅದಕ್ಕೂ ದಾರಿಯುಂಟು, ಆಗ ಹತ್ತು ಸಾವಿರ.

ಸುಳ್ಳು ಸರ್ಟಿಫಿಕೇಟು ನಾನು ಕೊಡಿಸುವುದಿಲ್ಲ ಎಂದೆ. ಅವನ ಮುಖ ಸಣ್ಣದಾಯಿತು. ಅದು ಬೇಕಾಗಿಯೂ ಇಲ್ಲ, ಆ ನಿಯಮ ಸತ್ತು ವರ್ಷಗಳಾದವು ಎಂದು ಹೇಳಿದಾಗ ಅವನು ನಂಬಲಿಲ್ಲ. ದಲ್ಲಾಳಿಯ ಮಾತಿಗಿರುವ ಬೆಲೆ ಕಾಯಿದೆಗೆ ಇಲ್ಲ.

ಓದುಗರು ಇದನ್ನು ಮೊದಲು ತಿಳಿಯಬೇಕು. ಬಾಡಿಗೆಯ ಗಾಡಿ ನಡೆಸುವವನು ಎಂಟನೆಯ ತರಗತಿ ಪಾಸಾಗಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 8ನೆಯ ನಿಯಮ ಹೇಳುತ್ತಿತ್ತು. ಹರಿಯಾಣದ ಮೇವಾತ್ ಪ್ರದೇಶದಲ್ಲಿ ಡ್ರೈವರಿಕೆಯನ್ನೇ ನಂಬಿ ಬದುಕುವ ಬಡಜನ ಬಹಳ. ಅವರ ಕೈಯಲ್ಲಿ ಕಸುಬಿತ್ತು, ಶಾಲೆಯ ಕಾಗದ ಇರಲಿಲ್ಲ. ಅವರ ಪರವಾಗಿ ಆ ರಾಜ್ಯದ ಸರ್ಕಾರ ದೆಹಲಿಗೆ ಬರೆಯಿತು. 2019ರಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ಇಡೀ ದೇಶಕ್ಕೇ ತೆಗೆದುಹಾಕಿತು. ಮೇವಾತಿನ ಡ್ರೈವರುಗಳ ಕೂಗಿನಿಂದ ಚನ್ನಗಿರಿ ತಾಲ್ಲೂಕಿನ ಹುಡುಗನಿಗೂ ಬಾಗಿಲು ತೆರೆಯಿತು; ಆದರೆ ಆ ಸುದ್ದಿ ಇವನ ಕಿವಿಗೆ ಬೀಳಲಿಲ್ಲ. ಬೀಳದಂತೆ ನೋಡಿಕೊಳ್ಳುವುದರಲ್ಲಿ ಕೆಲವರಿಗೆ ಲಾಭವಿದೆ.

ನಾನು ಮೇಷ್ಟರಾಗಿದ್ದವನು, ಓದು ಬೇಡವೆಂದು ಹೇಳುವವನಲ್ಲ. ರಸ್ತೆಯ ಫಲಕ ಓದಲು ಬಾರದ ಡ್ರೈವರು ಅಪಾಯವೆಂಬುದನ್ನು ಒಪ್ಪುತ್ತೇನೆ. ಆದರೆ ಅದಕ್ಕೆ ಮದ್ದು ರಾತ್ರಿ ಶಾಲೆಯೇ ಹೊರತು ಅವನ ಅನ್ನ ಕಿತ್ತುಕೊಳ್ಳುವುದಲ್ಲ. ಹನ್ನೆರಡು ವರ್ಷದ ಹುಡುಗನನ್ನು ಶಾಲೆಯಲ್ಲಿ ಉಳಿಸಿಕೊಳ್ಳಲಾರದ ಸಮಾಜ, ಅದೇ ಹುಡುಗ ಇಪ್ಪತ್ತೈದಾದಾಗ ಸರ್ಟಿಫಿಕೇಟು ಎಲ್ಲಿ ಎಂದು ಗದರಿಸುವುದು ಯಾವ ನ್ಯಾಯ?

ಇನ್ನು ಹಣದ ವಿಷಯ. 2016ರ ಡಿಸೆಂಬರಿನಲ್ಲಿ ಕೇಂದ್ರ ಗೊತ್ತುಮಾಡಿದ ದರ ಹೀಗಿದೆ: ಕಲಿಯುವವರ ಲೈಸನ್ಸಿಗೆ 150 ರೂಪಾಯಿ, ಅದರ ಪರೀಕ್ಷೆಗೆ 50, ಗಾಡಿ ನಡೆಸಿ ತೋರಿಸುವ ಪರೀಕ್ಷೆಗೆ 300, ಲೈಸನ್ಸು ಕೊಡುವುದಕ್ಕೆ 200. ಕೂಡಿಸಿದರೆ ಏಳು ನೂರು. ಮೇಲೆ ಸಣ್ಣಪುಟ್ಟ ಸೇವಾ ಶುಲ್ಕ ಸೇರಿಸಿದರೂ ಅದು ಎಂಟು ಸಾವಿರವಾಗುವುದು ಯಾವ ಲೆಕ್ಕದಲ್ಲಿ? ಮಂಡಕ್ಕಿ ಭಟ್ಟಿಯಲ್ಲಿ ಬೆಂಕಿಯ ಮುಂದೆ ನಿಂತು ದುಡಿಯುವವನಿಗೆ, ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನಿಗೆ ಎಂಟು ಸಾವಿರ ಎಷ್ಟು ದಿನದ ಕೂಲಿ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ದಲ್ಲಾಳಿ ಹೆದರಿಕೆಯನ್ನು ಮಾರುತ್ತಾನೆ. ಫೇಲಾದರೆ ಕೊಟ್ಟ ದುಡ್ಡೆಲ್ಲ ಹೋಯಿತು, ಮತ್ತೆ ಮೊದಲಿನಿಂದ ಶುರು, ಎನ್ನುತ್ತಾನೆ. ಕಾಯಿದೆ ಹಾಗೆ ಹೇಳುವುದಿಲ್ಲ. ಕಲಿಯುವವರ ಲೈಸನ್ಸು ಆರು ತಿಂಗಳು ನಡೆಯುತ್ತದೆ. ಅದು ಕೈಗೆ ಬಂದು 30 ದಿನ ಕಳೆದ ಮೇಲೆ ಗಾಡಿಯ ಪರೀಕ್ಷೆಗೆ ಹೋಗಬಹುದು. ತಪ್ಪಿದರೆ ಏಳು ದಿನ ಬಿಟ್ಟು ಮತ್ತೆ ಹೋಗಬಹುದು. ಮೂರು ಸಲ ತಪ್ಪಿದವನು ಮಾತ್ರ 60 ದಿನ ಕಾಯಬೇಕು. ಡಾಕ್ಟರ ಸರ್ಟಿಫಿಕೇಟಿಗೆಂದು ಹಣ ಕೀಳುವುದೂ ಉಂಟು. ನಲವತ್ತು ದಾಟದವನು ಸ್ವಂತದ ಕಾರಿನ ದರ್ಜೆಯ ಲೈಸನ್ಸಿಗೆ ಅರ್ಜಿ ಹಾಕುವಾಗ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದುಕೊಟ್ಟರೆ ಸಾಕು. ಸಂಚಾರ ನಿಯಮಗಳ ಪರೀಕ್ಷೆಯನ್ನು ಕನ್ನಡದಲ್ಲಿಯೇ ಕೊಡಬಹುದು. ಆದರೆ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತವನು ಕೇಳದೆಯೇ ಇಂಗ್ಲಿಷನ್ನು ಒತ್ತಿ, ಆಮೇಲೆ "ನಿನಗೆ ಬರುವುದಿಲ್ಲ, ನಾನೇ ಮಾಡಿಕೊಡುತ್ತೇನೆ" ಎನ್ನುತ್ತಾನೆ. ನಮ್ಮದೇ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದರು. ಅವರ ಊರಿನ ಸುತ್ತಲಿನ ಹುಡುಗ ದಾವಣಗೆರೆಯಲ್ಲಿ ಕನ್ನಡ ಕೇಳಲು ಅಂಜುತ್ತಾನೆ.

ಆದರೆ ಎಲ್ಲ ತಪ್ಪನ್ನೂ ದಲ್ಲಾಳಿಯ ತಲೆಗೆ ಕಟ್ಟುವುದು ಸುಲಭದ ಮಾತಾದೀತು. ಅವನನ್ನು ಬೆಳೆಸಿದ ಒಂದು ನಿಯಮವಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಪರೀಕ್ಷೆಗೆ ಹೋಗುವವನು ಗಾಡಿಯನ್ನು ತಾನೇ ತರಬೇಕು. ಸ್ವಂತ ಕಾರುಳ್ಳವನಿಗೆ ಇದು ನಿಯಮವೆಂದೇ ಅನ್ನಿಸುವುದಿಲ್ಲ. ಮನೆಯ ಕಾರಿನಲ್ಲಿ ಕುಳಿತು ಹೋಗುತ್ತಾನೆ, ಬರುತ್ತಾನೆ. ಡ್ರೈವರಿಕೆಯಿಂದಲೇ ಹೊಟ್ಟೆ ಹೊರೆಯಬೇಕಾದವನು ಕಾರನ್ನು ಎಲ್ಲಿಂದ ತರುವುದು? ಕಲಿಸುವ ಶಾಲೆಯ ಗಾಡಿಗೆ ಕೈಯೊಡ್ಡಬೇಕು. ಶಾಲೆಯ ಬಾಗಿಲಲ್ಲೇ ದಲ್ಲಾಳಿ ನಿಂತಿರುತ್ತಾನೆ. ಹೊಲಿಗೆ ಪರೀಕ್ಷೆಗೆ ಬರುವ ಹೆಣ್ಣುಮಗಳು ಮಷೀನನ್ನು ತಲೆಯ ಮೇಲೆ ಹೊತ್ತು ತರಬೇಕೆಂದು ಯಾರಾದರೂ ಹೇಳುತ್ತಾರೆಯೇ? ಪರೀಕ್ಷೆ ನಡೆಸುವ ಸರ್ಕಾರ ಪರೀಕ್ಷೆಗೆ ಬೇಕಾದ ನಾಲ್ಕು ಗಾಡಿಗಳನ್ನು ಇಡಲಾರದೇ? ಜಿಲ್ಲೆಯಲ್ಲಿ ಸರ್ಕಾರದ ಐ.ಟಿ.ಐ.ಗಳಿವೆ. ಅಲ್ಲಿ ಎರಡು ಕಾರು ಇಟ್ಟು, ಬಿಡುವಿನ ಹೊತ್ತಿನಲ್ಲಿ ಕಲಿಸಿ, ಪರೀಕ್ಷೆಯ ದಿನ ಅದೇ ಗಾಡಿಯನ್ನು ಕೊಟ್ಟರೆ ದಲ್ಲಾಳಿಯ ಅಂಗಡಿ ತಾನಾಗಿಯೇ ಮುಚ್ಚುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸ್ವಂತದ ಕಾರಿಗೆ ಒಂದು ಲೈಸನ್ಸು, ಅದೇ ಕಾರು ಬಾಡಿಗೆಯದಾದರೆ ಅದರ ಮೇಲೆ ಇನ್ನೊಂದು ಮುದ್ರೆ ಎಂಬ ಪದ್ಧತಿ ಬಹುಕಾಲ ನಡೆಯಿತು. 1988ರ ಮೋಟಾರು ವಾಹನ ಕಾಯಿದೆ ಬಾಡಿಗೆಯ ಗಾಡಿಗೆ 20 ವರ್ಷ ತುಂಬಿರಬೇಕು, ಹಗುರ ಗಾಡಿಯ ಲೈಸನ್ಸು ಪಡೆದು ಒಂದು ವರ್ಷ ಕಳೆದಿರಬೇಕು ಎಂದಿತ್ತು. ಇದರಿಂದ ಹೊಟ್ಟೆ ತುಂಬಿಸಿಕೊಂಡವರು ವಿಮೆ ಕಂಪನಿಗಳು. ಅಪಘಾತವಾಗಿ, ಗಾಯಗೊಂಡವನೋ ಸತ್ತವನ ಹೆಂಡತಿಯೋ ಪರಿಹಾರ ಕೇಳಿ ನ್ಯಾಯಾಲಯಕ್ಕೆ ಹೋದರೆ, ಕಂಪನಿಯ ವಕೀಲರು ಡ್ರೈವರನ ಲೈಸನ್ಸನ್ನು ಬೆಳಕಿಗೆ ಹಿಡಿದು, "ಕಾರು ಓಡಿಸಲು ಇವನಿಗೆ ಲೈಸನ್ಸಿದೆ, ಬಾಡಿಗೆ ಕಾರು ಓಡಿಸಲು ಇಲ್ಲ, ಆದ್ದರಿಂದ ನಾವು ಕೊಡಬೇಕಾಗಿಲ್ಲ" ಎನ್ನುತ್ತಿದ್ದರು. ಅದೇ ಸ್ಟೇರಿಂಗು, ಅದೇ ಬ್ರೇಕು. ಫಲಕದ ಬಣ್ಣ ಬಿಳಿಯಿಂದ ಹಳದಿಯಾದರೆ ಡ್ರೈವರನ ಕೈಯ ಚಳಕ ಮಾಯವಾಗುತ್ತದೆಯೇ?

2017ರ ಜುಲೈ 3ರಂದು ಮುಕುಂದ ದೇವಾಂಗನ್ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ತಳ್ಳಿಹಾಕಿತು. ಕೇಂದ್ರದ ಸಾರಿಗೆ ಸಚಿವಾಲಯ 2018ರ ಏಪ್ರಿಲಿನಲ್ಲಿ ಎಲ್ಲ ರಾಜ್ಯಗಳಿಗೂ ಬರೆದು, ಹಗುರ ದರ್ಜೆಯ ಟ್ಯಾಕ್ಸಿ, ಆಟೋಗಳಿಗೆ ಪ್ರತ್ಯೇಕ ಮುದ್ರೆ ಬೇಡವೆಂದಿತು. ವಿಮೆ ಕಂಪನಿಗಳು ಸುಮ್ಮನಿರಲಿಲ್ಲ. ವಿಷಯ ಐವರು ನ್ಯಾಯಾಧೀಶರ ಪೀಠಕ್ಕೆ ಹೋಯಿತು. 2024ರ ನವೆಂಬರ್ 6ರಂದು ಆ ಪೀಠವೂ ಅದೇ ತೀರ್ಪನ್ನು ಎತ್ತಿಹಿಡಿಯಿತು: ಒಟ್ಟು ತೂಕ 7,500 ಕಿಲೋ ಮೀರದ ಬಾಡಿಗೆ ಗಾಡಿಯನ್ನು ಹಗುರ ಮೋಟಾರಿನ ಲೈಸನ್ಸುಳ್ಳವನು ನಡೆಸಬಹುದು, ಬೇರೆ ಅನುಮತಿ ಬೇಕಿಲ್ಲ. ಇಂಥ ಡ್ರೈವರುಗಳಿಂದಲೇ ಅಪಘಾತ ಹೆಚ್ಚುತ್ತಿದೆ ಎಂದು ತೋರಿಸುವ ಅಂಕಿ ಅಂಶವನ್ನು ಯಾರೂ ತನ್ನ ಮುಂದೆ ಇಟ್ಟಿಲ್ಲವೆಂದೂ ನ್ಯಾಯಾಲಯ ಹೇಳಿತು. ಲಾರಿ, ಬಸ್ಸುಗಳಿಗೆ ಬೇರೆ ಲೈಸನ್ಸು ಮೊದಲಿನಂತೆಯೇ ಬೇಕು.

ಸಣ್ಣ ವ್ಯಾಪಾರಿಗಳೂ ಇದನ್ನು ಗಮನಿಸಬೇಕು. ಸಂತೆಯಿಂದ ಸಂತೆಗೆ ತರಕಾರಿ, ಬಟ್ಟೆ, ಪಾತ್ರೆ ಸಾಗಿಸುವ ಸಣ್ಣ ಗೂಡ್ಸ್ ಗಾಡಿಯೂ ಇದೇ ತೂಕದೊಳಗೆ ಬರುತ್ತದೆ. ನಿಮ್ಮ ಕಾರಿನ ಲೈಸನ್ಸೇ ಅದಕ್ಕೆ ಸಾಕು.

ಆದರೆ ಈ ತೀರ್ಪಿನಿಂದ ಒಂದು ತಪ್ಪು ತಿಳಿವಳಿಕೆ ಹುಟ್ಟಿರುವುದನ್ನು ನಾನು ಕಂಡಿದ್ದೇನೆ. ತೀರ್ಪು ಲೈಸನ್ಸಿನ ಬಗ್ಗೆ ಮಾತ್ರ ಹೇಳಿತು, ಪರ್ಮಿಟ್ಟಿನ ಬಗ್ಗೆ ಅಲ್ಲ. ಬಿಳಿ ಫಲಕದ ಸ್ವಂತ ಕಾರನ್ನು ಬಾಡಿಗೆಗೆ ಬಿಡುವುದು ಅಂದೂ ತಪ್ಪು, ಇಂದೂ ತಪ್ಪು. ಬಾಡಿಗೆಯ ಗಾಡಿಗೆ ಹಳದಿ ಫಲಕ ಬೇಕು, ಪರ್ಮಿಟ್ಟು ಬೇಕು, ಆ ದರ್ಜೆಯ ವಿಮೆ ಬೇಕು. ನಮ್ಮ ಹೋಬಳಿಗಳಲ್ಲಿ ಎಷ್ಟೋ ಕಡೆ ನಡೆಯುತ್ತಿರುವುದು ಬಿಳಿ ಫಲಕದ ವ್ಯವಹಾರವೇ. ಮಾಲೀಕನಿಗೆ ತೆರಿಗೆಯೂ ಉಳಿಯಿತು, ವಿಮೆಯ ಹೆಚ್ಚಿನ ಕಂತೂ ಉಳಿಯಿತು. ಏನಾದರೂ ಆದರೆ? ನ್ಯಾಯಾಲಯದಲ್ಲಿ ಮಾಲೀಕನ ಜತೆಗೆ ಡ್ರೈವರನೂ ಪ್ರತಿವಾದಿ. ವಿಮೆ ಕಂಪನಿ ಗಾಯಾಳುವಿಗೆ ಮೊದಲು ಹಣ ಕೊಟ್ಟರೂ ಆಮೇಲೆ ಮಾಲೀಕನಿಂದ ವಸೂಲಿಗೆ ಬರಬಹುದು. ಮಾಲೀಕ ಆಗ ಏನೆನ್ನುತ್ತಾನೆ? "ನಾನು ಬಾಡಿಗೆಗೆ ಕಳಿಸಿಯೇ ಇಲ್ಲ, ಹುಡುಗ ಹೇಳದೆ ತೆಗೆದುಕೊಂಡು ಹೋದ" ಎನ್ನುತ್ತಾನೆ. ನನ್ನ ಹಳೆಯ ಶಿಷ್ಯನಿಗೆ ನಾನು ಇದನ್ನೇ ಕೇಳಿದೆ: "ಅಂಥ ದಿನ ಬಂದರೆ ನಿಮ್ಮ ಸಾಹುಕಾರರು ನಿನ್ನ ಪಕ್ಕ ನಿಲ್ಲುತ್ತಾರೇನಪ್ಪ?" ಅವನು ನೆಲ ನೋಡಿದ.

ಎಲ್ಲ ಮಾಲೀಕರೂ ಶ್ರೀಮಂತರಲ್ಲ ಎಂಬುದು ನಿಜ. ಸಾಲ ಮಾಡಿ ಒಂದು ಕಾರು ಕೊಂಡು, ಕಂತು ಕಟ್ಟಲಾರದೆ ಬಾಡಿಗೆಗೆ ಬಿಟ್ಟ ಚಿಲ್ಲರೆ ಅಂಗಡಿಯವರೂ ಇದ್ದಾರೆ, ಅವರಲ್ಲಿ ಕೆಲವರು ಈ ಪತ್ರಿಕೆಯ ಓದುಗರೂ ಹೌದು. ಅವರಿಗೆ ನಾನು ಹೇಳುವುದು ಬಿರುಸಾಗಿ ಕಂಡೀತು: ಫಲಕ ಬದಲಿಸಿಕೊಳ್ಳಿ, ಇಲ್ಲವೇ ಬಾಡಿಗೆ ನಿಲ್ಲಿಸಿ. ಒಂದು ಅಪಘಾತ ಕಾರನ್ನಷ್ಟೇ ಅಲ್ಲ, ಅಂಗಡಿಯನ್ನೂ ಮನೆಯನ್ನೂ ತಿನ್ನುತ್ತದೆ.

ಲೈಸನ್ಸಿಲ್ಲದವನು ಸರ್ಕಾರದ ಕಣ್ಣಿಗೆ ದುಡಿಯುವವನೇ ಅಲ್ಲ. 2020ರ ಮೇ ತಿಂಗಳಲ್ಲಿ, ಕೊರೋನಾ ಕಾಲದಲ್ಲಿ, ರಾಜ್ಯ ಸರ್ಕಾರ 7 ಲಕ್ಷ 75 ಸಾವಿರ ಆಟೋ, ಟ್ಯಾಕ್ಸಿ ಡ್ರೈವರುಗಳಿಗೆ ತಲಾ 5,000 ರೂಪಾಯಿ ಘೋಷಿಸಿತು. ಅರ್ಜಿಯಲ್ಲಿ ಕೇಳಿದ್ದು ಲೈಸನ್ಸಿನ ನಂಬರು. ಬೇರೆಯವರ ಕಾರನ್ನು ಕಾಗದವಿಲ್ಲದೆ ಓಡಿಸುತ್ತಿದ್ದವನು ಆ ಎರಡು ತಿಂಗಳು ಏನು ತಿಂದನೆಂದು ಯಾವ ಅರ್ಜಿಯೂ ಕೇಳಲಿಲ್ಲ. ಖಾಸಗಿ ವಾಣಿಜ್ಯ ಗಾಡಿಯ ಡ್ರೈವರು ಅಪಘಾತದಲ್ಲಿ ಸತ್ತರೆ ಮನೆಯವರಿಗೆ 5 ಲಕ್ಷ ಕೊಡುವ ಯೋಜನೆ ಕಾರ್ಮಿಕ ಇಲಾಖೆಯಲ್ಲಿದೆ. ಅದಕ್ಕೂ ಚಾಲ್ತಿಯಲ್ಲಿರುವ ಲೈಸನ್ಸು ಬೇಕು. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. ಆದರೆ ಐದು ಮಂದಿಗಿಂತ ಕಡಮೆ ಕೆಲಸಗಾರರಿದ್ದ ಕಡೆ ಅದು ಮುಟ್ಟುತ್ತಿರಲಿಲ್ಲ. ಒಂದು ಕಾರಿನ ಮಾಲೀಕನ ಡ್ರೈವರು ಧರ್ಮಸ್ಥಳಕ್ಕೆ ಹೋಗಿ ನಿದ್ದೆಯಿಲ್ಲದೆ ಅದೇ ರಾತ್ರಿ ಹಿಂತಿರುಗಬೇಕಾದರೆ ಕೇಳುವವರಿಲ್ಲ. ಈ ಲೋಪವನ್ನು ಶಾಸನಸಭೆಯಲ್ಲಿ ಎತ್ತಬೇಕಾದವರು ಎತ್ತಲಿ. ನಾವು ಬೀದಿಯಲ್ಲಿ ಎತ್ತುತ್ತೇವೆ.

ಸದ್ಯಕ್ಕೆ ನಮ್ಮ ಬೇಡಿಕೆ ದೊಡ್ಡದಲ್ಲ. 1997ರಲ್ಲಿ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ದಾವಣಗೆರೆ ಜಿಲ್ಲೆ ಸೇರಿದವು. ಆಡಳಿತ ಜನರ ಹತ್ತಿರ ಬರಲೆಂದೇ ಜಿಲ್ಲೆ ಮಾಡಿದ್ದಲ್ಲವೇ? ಹಾಗಾದರೆ ಸಾರಿಗೆ ಕಚೇರಿಯೂ ಹತ್ತಿರ ಬರಲಿ. ತಾಲ್ಲೂಕು ಕೇಂದ್ರಗಳಲ್ಲಿ ಲೈಸನ್ಸಿನ ಶಿಬಿರ ನಡೆಸುವ ಪದ್ಧತಿ ರಾಜ್ಯದಲ್ಲಿ ಇದ್ದೇ ಇದೆ. ಅದು ತಿಂಗಳಿಗೊಮ್ಮೆ ಬಸವಾಪಟ್ಟಣದಂಥ ಹೋಬಳಿ ಕೇಂದ್ರಕ್ಕೂ, ನ್ಯಾಮತಿಗೂ ಬರಲಿ. ಪರೀಕ್ಷೆಯ ಗಾಡಿಯನ್ನು ಸರ್ಕಾರವೇ ತರಲಿ. ಶುಲ್ಕದ ಪಟ್ಟಿಯನ್ನು ದೊಡ್ಡ ಕನ್ನಡ ಅಕ್ಷರದಲ್ಲಿ, ಕಚೇರಿಯ ಒಳಗಲ್ಲ, ಬಸ್ ನಿಲ್ದಾಣದಲ್ಲಿ ಬರೆಸಲಿ. ಈ ಮೂರನ್ನೂ ಬರೆದ ಮನವಿಗೆ ಬಸವಾಪಟ್ಟಣದಲ್ಲಿ ಸಹಿ ಸೇರಿಸುತ್ತಿದ್ದೇವೆ. ಸಹಿ ಬಾರದವರ ಹೆಬ್ಬೆಟ್ಟಿಗೂ ಅಷ್ಟೇ ಬೆಲೆ.

ಆ ಹುಡುಗನ ಅರ್ಜಿಯನ್ನು ಮರುದಿನವೇ ಕನ್ನಡ ಒತ್ತಿ ತುಂಬಿದೆವು. ಕಲಿಯುವವರ ಲೈಸನ್ಸು ಬಂದಿದೆ. 30 ದಿನ ತುಂಬುವುದನ್ನು ಕಾಯುತ್ತಿದ್ದಾನೆ. ಅಲ್ಲಿಯವರೆಗೆ ಬಾಡಿಗೆಗೆ ಹೋಗಬೇಡವೆಂದು ಹೇಳಿದ್ದೇನೆ. ಮನೆಯ ಒಲೆ ಉರಿಯಬೇಕಲ್ಲ, ಭತ್ತದ ಮೂಟೆ ಹೊರಲು ಹೋಗುತ್ತಿದ್ದಾನೆ. ಅವನಂತೆ ಬೇಕಾದವರು ಸಂತೆಯ ದಿನ ಸಂಜೆ ಪಕ್ಷದ ಕಚೇರಿಗೆ ಆಧಾರ್ ಕಾರ್ಡು ಹಿಡಿದು ಬನ್ನಿ, ಅರ್ಜಿ ತುಂಬಿಕೊಡುತ್ತೇವೆ. ಸರ್ಕಾರದ ಶುಲ್ಕ ಬಿಟ್ಟು ಬೇರೆ ಹಣ ತರಬೇಡಿ.