‘ಏನೂ ಮಾಡುವುದಿಲ್ಲ’ ಎಂಬ ನಾಯಿ

ನಾಯಿ ಸಾಕಿದ ಗೃಹಸ್ಥರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ: “ಹೆದರಬೇಡಿ, ನಮ್ಮ ನಾಯಿ ಏನೂ ಮಾಡುವುದಿಲ್ಲ.” ಗೇಟು ತೆರೆದಿದೆ, ನಾಯಿ ಮಾರ್ಗದ ನಡುವೆ ನಿಂತು ಹಲ್ಲು ತೋರಿಸುತ್ತಿದೆ, ಯಜಮಾನರು ಜಗಲಿಯ ಮೇಲೆ ಕುಳಿತು, ಓದುತ್ತಿರುವ ಪತ್ರಿಕೆಯಿಂದ ಕಣ್ಣೆತ್ತದೆಯೇ, ಈ ಅಭಯವಚನವನ್ನು ದಯಪಾಲಿಸುತ್ತಾರೆ. ಅದೇ ನಾಯಿ ನೆರೆಯವನ ಬೆಕ್ಕನ್ನೋ ಆಡಿನ ಮರಿಯನ್ನೋ ಹಲ್ಲುದುರಿದ ಮುದಿನಾಯಿಯನ್ನೋ ಕಚ್ಚಿ ಕೆಡವಿದ ದಿನ ಮಾತು ಬದಲಾಗುತ್ತದೆ: “ಏನು ಮಾಡುವುದು, ಪ್ರಾಣಿ ತಾನೆ!” ಮೊದಲನೆಯ ಮಾತಿನಂತೆ ಆ ನಾಯಿ ಮನುಷ್ಯನಷ್ಟೇ ವಿವೇಕಿ, ಎರಡನೆಯದರಂತೆ ಅದು ಸಿಡಿಲು ಮಳೆಗಳ ಹಾಗೆ ದೈವಾಧೀನ. ಎರಡರಲ್ಲಿಯೂ ಯಜಮಾನರದೆಂಬ ಹೊಣೆ ಎಲ್ಲಿಯೂ ಕಾಣುವುದಿಲ್ಲ. ಈ ಎರಡು ಮಾತುಗಳನ್ನೂ ನಾವು ಇಷ್ಟು ಕಾಲ ಸಭ್ಯತೆಯ ಹೆಸರಿನಲ್ಲಿ ಕೇಳಿಕೊಂಡು ಬಂದುದು ಸಾಕು.

ಕಾಸರಗೋಡಿನ ಒಳನಾಡಿನಲ್ಲಿ ಕನ್ನಡ ಶಾಲೆಯೊಂದರ ಆರನೆಯ ತರಗತಿಯ ಹುಡುಗಿಯೊಬ್ಬಳು ಒಂದು ಆಡಿನ ಮರಿಯನ್ನು ಸಾಕಿದ್ದಳು. ತಾಯಾಡು ಮೂರು ಮರಿ ಹಾಕಿ ಒಂದನ್ನು ಹತ್ತಿರ ಸೇರಿಸದೆ ಹೋದುದರಿಂದ, ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದವಳು ಅವಳೇ. ಹಲಸಿನ ಎಲೆಯ ಆಸೆಗೆ ಅವಳ ಬೆನ್ನು ಬಿಡದೆ ಸುತ್ತುತ್ತಿದ್ದ ಆ ಮರಿಯನ್ನು, ನೆರೆಯವರ ತೋಟಕ್ಕೆ ಬಾಯಿ ಹಾಕಬಾರದೆಂದು, ಮನೆಯವರು ಗುಡ್ಡೆಯ ಬದಿಯಲ್ಲಿ ಗೂಟಕ್ಕೆ ಕಟ್ಟುತ್ತಿದ್ದರು. ನೆರೆಮನೆಯ ದೊಡ್ಡ ನಾಯಿಯನ್ನು ಸಂಜೆಯ ಹೊತ್ತಿಗೆ ಸಂಕಲೆಯಿಂದ ಬಿಡುವುದು ಪದ್ಧತಿ. ಒಂದು ಸಂಜೆ ಅದು ಬೇಲಿ ನುಸುಳಿ ಬಂದಿತು. ಮರಿಗೆ ಓಡಲು ಹಗ್ಗದ ಉದ್ದದಷ್ಟೇ ಜಾಗವಿತ್ತು. ಕಟ್ಟಿದ ಪ್ರಾಣಿ ಸತ್ತಿತು. ಬಿಟ್ಟ ಪ್ರಾಣಿ ಮನೆಗೆ ಹೋಗಿ ಎಂದಿನಂತೆ ಉಂಡು ಮಲಗಿತು. ಮರುದಿನ ಕೆಲಸದಾಳಿನ ಕೈಯಲ್ಲಿ ಹಣ ಬಂತು: ಕಿಲೋವಿಗೆ ಇಷ್ಟೆಂದು, ಮಾಂಸದ ಲೆಕ್ಕದಲ್ಲಿ. ಕಳುಹಿಸಿದವರು ದುಷ್ಟರೇನೂ ಅಲ್ಲ. ದೇವಸ್ಥಾನಕ್ಕೂ ಶಾಲೆಗೂ ಕೈಯೆತ್ತಿ ಕೊಡುವವರು. ಆದರೆ ತಾವಾಗಿ ಬಂದು ಆ ಅಂಗಳದಲ್ಲಿ ನಿಂತು ಒಂದು ಮಾತು ಆಡಲಿಲ್ಲ. ನಾಯಿಗೆ ಸಂಜೆಯ ಬಿಡುಗಡೆಯೂ ತಪ್ಪಲಿಲ್ಲ.

ಹುಡುಗಿ ಮೂರು ದಿನ ಶಾಲೆಗೆ ಬಾರದೆ ನಾಲ್ಕನೆಯ ದಿನ ಬಂದಳು. ಆಗ ಉಪಾಧ್ಯಾಯರ ಕೋಣೆಯಲ್ಲಿ ನಗು ಹುಟ್ಟಿತು. “ಆಡಿಗೆ ಯಾರಾದರೂ ಅಳುತ್ತಾರೆಯೆ? ಹೇಗೂ ಒಂದು ದಿನ ಕೊಯ್ಯುವುದೇ ತಾನೆ?” ಮತ್ತೊಬ್ಬರೆಂದರು: “ಇದೆಲ್ಲ ಬಿಳಿಯರು ಕಲಿಸಿ ಹೋದ ಶೋಕಿ, ನಮ್ಮ ಹಿರಿಯರು ನಾಯಿ ಬೆಕ್ಕುಗಳಿಗೆ ಕಣ್ಣೀರು ಸುರಿಸಿದವರಲ್ಲ.” ಈ ಕೊನೆಯ ಮಾತನ್ನು ಆಡಿದವರು ಮಕ್ಕಳಿಗೆ ಇತಿಹಾಸ ಕಲಿಸುವವರಾದುದರಿಂದ, ಉತ್ತರವನ್ನು ಇತಿಹಾಸದಿಂದಲೇ ಕೊಡುವುದು ಯುಕ್ತವಾಗಿದೆ.

ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲನ್ನು ಅವರು ನೋಡಿರದಿದ್ದರೂ ಪಠ್ಯದಲ್ಲಿ ಓದಿರಬೇಕು. ಶಕವರ್ಷ 872, ಎಂದರೆ ಕ್ರಿ. ಶ. 949-50ರ ಕಲ್ಲು ಅದು. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಗಂಗರ ಬೂತುಗನ ನೆರವಿನಿಂದ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ವಾರ್ತೆ ಅದರಲ್ಲಿರುವುದರಿಂದ, ನಾವು ಆ ಯುದ್ಧವನ್ನಷ್ಟೇ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಆದರೆ ಕಲ್ಲಿನಲ್ಲಿ ಕೆತ್ತಿರುವ ಚಿತ್ರ ಯಾವುದು? ಒಂದು ಹಂದಿ, ಅದರೊಡನೆ ಸೆಣಸುತ್ತಿರುವ ಒಂದು ನಾಯಿ. ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಬೇಕಾದುದನ್ನು ಬೇಡು ಎಂದಾಗ, ಅವನು ಊರು ಕೇರಿಗಳಿಗಿಂತ ಮೊದಲು ಬೇಡಿದ್ದು ‘ಕಾಳಿ’ ಎಂಬ ಹೆಸರಿನ ಬೇಟೆನಾಯಿಯನ್ನು. ಬೆಳತೂರಿನ ಬಳಿಯ ಬೆಟ್ಟದಲ್ಲಿ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತುವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಿಸಿದರು. ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಗೊರವನಿಗೆ ಪಾಪ ತಟ್ಟುವುದೆಂದೂ ಬರೆಸಿದರು. ಸಾವಿರ ವರ್ಷಗಳ ಹಿಂದೆ, ಬಿಳಿಯರ ಹಡಗು ಈ ತೀರವನ್ನು ಕಾಣುವುದಕ್ಕೆ ಐದು ಶತಮಾನ ಮೊದಲು, ಕನ್ನಡ ಸೀಮೆಯ ಯೋಧನೊಬ್ಬ ತನ್ನ ನಾಯಿಗಾಗಿ ಶೋಕಿಸಿದುದು ಹೀಗೆ. ಅವನನ್ನು ನೋಡಿ ಯಾವ ಪಂಡಿತರೂ ನಕ್ಕಂತೆ ಶಾಸನದಲ್ಲಿ ಬರೆದಿಲ್ಲ.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ಒಂದು ಬಿನ್ನಹ. ಪ್ರಾಣಿಯನ್ನು ಕಳೆದುಕೊಂಡು ಬಂದ ಮಗುವಿಗೆ “ಬೇರೆಯೊಂದು ತಂದರಾಯಿತು” ಎನ್ನಬೇಡಿ. ಒಡೆದ ಸ್ಲೇಟಿಗೆ ಹೇಳುವ ಮಾತು ಅದು. “ಎಲ್ಲಿಗೋ ಓಡಿಹೋಯಿತು” ಎಂದು ಸುಳ್ಳು ಹೇಳುವ ತಂದೆತಾಯಿಗಳಿಗೂ ಬುದ್ಧಿ ಹೇಳಿ. ಮಗು ಸಂಜೆಸಂಜೆ ದಣಪೆಯ ಬಳಿ ನಿಂತು ಕಾಯುತ್ತದೆ, ನಿಜ ತಿಳಿದ ದಿನ ಎರಡು ಸಲ ಅಳುತ್ತದೆ. ಹೂಳುವಾಗ ಮಗು ಬರುತ್ತೇನೆಂದರೆ ಬರಲಿ, ಒಂದು ಹಿಡಿ ಮಣ್ಣು ಹಾಕಲಿ. ಕಣ್ಣಾರೆ ಕಂಡ ಮಕ್ಕಳಿಗೆ ರಾತ್ರಿ ಕನಸು ಬೀಳುವುದು, ಆ ದಾರಿಯಲ್ಲಿ ನಡೆಯಲು ಅಂಜುವುದು, ಎಲ್ಲಕ್ಕಿಂತ ಹೆಚ್ಚಾಗಿ “ನಾನು ಅಲ್ಲಿ ಕಟ್ಟದಿದ್ದರೆ” ಎಂದು ತನ್ನನ್ನೇ ಹಳಿದುಕೊಳ್ಳುವುದು ಸಹಜ. ಈ ಕೊನೆಯದನ್ನು ಮಾತ್ರ ಬೆಳೆಯಲು ಬಿಡಬಾರದು. ಕಟ್ಟಿದವಳು ತನ್ನ ಕರ್ತವ್ಯವನ್ನು ಮಾಡಿದವಳು, ಕಟ್ಟಬೇಕಾಗಿದ್ದವನು ಬೇರೆ. ಇದನ್ನು ಮಗುವಿನ ಮುಂದೆ, ಸ್ಪಷ್ಟವಾಗಿ, ಒಂದಕ್ಕಿಂತ ಹೆಚ್ಚು ಸಲ ಹೇಳುವ ಹಿರಿಯರೊಬ್ಬರು ಬೇಕು.

ಪ್ರಾಣಿ ಗಾಯಗೊಂಡು ಬದುಕಿದ್ದರೆ ಶೋಕಕ್ಕಿಂತ ಮೊದಲು ಕೆಲಸವಿದೆ. ಜಗಳದ ನಡುವೆ ಬರಿಗೈ ಹಾಕಿ ಬಿಡಿಸಲು ಹೋಗಬಾರದು. ಸ್ವಂತ ನಾಯಿಯೂ ಆ ಗಾಬರಿಯಲ್ಲಿ ಕೈ ಕಚ್ಚುತ್ತದೆ. ಕೊಡ ನೀರು ಸುರಿಯಬಹುದು, ಹಲಗೆಯನ್ನು ನಡುವೆ ತೂರಿಸಬಹುದು. ನಮ್ಮ ಸೀಮೆಯಲ್ಲಿ ಕೊಡೆ ಇಲ್ಲದ ಕೈ ಅಪರೂಪ, ಅದನ್ನು ನಾಯಿಯ ಮುಖಕ್ಕೆ ಬಿಚ್ಚಿದರೂ ಉಪಯೋಗವಾಗುತ್ತದೆ. ಗಾಯಕ್ಕೆ ಸುಣ್ಣ, ಮೆಣಸಿನ ಹುಡಿ, ಕಾಫಿ ಹುಡಿ ಮೆತ್ತುವ ಪಾಂಡಿತ್ಯವನ್ನು ಬಿಟ್ಟು, ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಹೊರಗೆ ಎರಡು ಸಣ್ಣ ತೂತುಗಳಷ್ಟೇ ಕಂಡರೂ ಒಳಗೆ ಮಾಂಸ ಹರಿದಿರುತ್ತದೆ, ಏಕೆಂದರೆ ನಾಯಿ ಹಿಡಿದು ಕೊಡಹುತ್ತದೆ. ಎದ್ದು ನಿಂತಿತೆಂದು ಸಮಾಧಾನಪಟ್ಟ ಪ್ರಾಣಿ ಕೆಲವು ಗಂಟೆಗಳಲ್ಲಿ ಕುಸಿಯುವುದುಂಟು. ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ಹುಚ್ಚುನಾಯಿ ರೋಗಕ್ಕೆ ತಡೆಮದ್ದನ್ನು ಅವರು ಸಾಮಾನ್ಯವಾಗಿ ಕಚ್ಚಿದ ದಿನ, ಮತ್ತೆ 3, 7, 14, 28ನೆಯ ದಿನಗಳಲ್ಲಿ ಚುಚ್ಚುತ್ತಾರೆ. ಕಚ್ಚಿದ ನಾಯಿಯನ್ನು ಕಟ್ಟಿಹಾಕಿ 10 ದಿನ ಗಮನಿಸಬೇಕು. ಆದರೆ ಆ 10 ದಿನ ಕಳೆಯಲೆಂದು ಮದ್ದನ್ನು ತಡೆಯಬಾರದು. ಬಿಡಿಸಲು ಹೋದವರಿಗೆ ಗೀರು ತಾಗಿದ್ದರೆ ಅವರೂ ಆಸ್ಪತ್ರೆಗೆ ಹೋಗಲೇಬೇಕು. ಹೊಟ್ಟೆಗೆ 14 ಚುಚ್ಚುವರೆಂಬ ಅಜ್ಜಂದಿರ ಕಾಲದ ಭಯ ಈಗ ಬೇಡ; ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಹಳೆಯ ಮದ್ದನ್ನು ನಮ್ಮ ದೇಶದಲ್ಲಿ 2004ರ ಕೊನೆಗೆ ನಿಲ್ಲಿಸಲಾಯಿತು, ಈಗ ತೋಳಿಗೆ ಚುಚ್ಚುತ್ತಾರೆ.

ಇನ್ನು ಯಜಮಾನರ ಹೊಣೆಯ ವಿಚಾರ. ಮಹಾಭಾರತದ ಆದಿಪರ್ವದಲ್ಲಿ ಸರಮೆಯೆಂಬ ದೇವಲೋಕದ ಹೆಣ್ಣುನಾಯಿಯ ಮಗನನ್ನು ಜನಮೇಜಯನ ತಮ್ಮಂದಿರು ಯಜ್ಞಶಾಲೆಯಿಂದ ಹೊಡೆದೋಡಿಸುತ್ತಾರೆ. ಸರಮೆ ಬಂದು ಕೇಳುತ್ತಾಳೆ: ನನ್ನ ಮಗ ಹವಿಸ್ಸನ್ನು ನೆಕ್ಕಲಿಲ್ಲ, ನೋಡಲೂ ಇಲ್ಲ, ಏಕೆ ಹೊಡೆದಿರಿ? ಅವರು ಉತ್ತರ ಕೊಡುವುದಿಲ್ಲ. ಶಾಪ ಬರುವುದು ಆ ಮೌನದ ಅನಂತರ. ಆಡಿನ ಮರಿಯ ಬೆಲೆ ಬಂದ ಮನೆಯಲ್ಲಿಯೂ ಕೊರತೆಯಾಗಿ ಉಳಿದುದು ಉತ್ತರವೇ ಹೊರತು ಹಣವಲ್ಲ. ಆದರೆ ಇಲ್ಲಿ ಶಾಪ ಹಾಕುವ ಶಕ್ತಿ ಯಾರಿಗೂ ಇಲ್ಲ, ಆದುದರಿಂದ ಕಾನೂನನ್ನು ನೋಡಬೇಕು.

ಕಾನೂನು ಈ ವಿಷಯದಲ್ಲಿ ಪೂರ್ಣವಾಗಿ ನಮ್ಮ ಪಕ್ಷದಲ್ಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಂತೆ, ತನ್ನ ವಶದಲ್ಲಿರುವ ಪ್ರಾಣಿಯನ್ನು ಅಜಾಗರೂಕತೆಯಿಂದ ಬಿಟ್ಟವನಿಗೆ ಆರು ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಉಂಟು. ಆದರೆ ಆ ಕಲಮು ಎಣಿಸುವುದು ಮನುಷ್ಯನಿಗೆ ಬರುವ ಅಪಾಯವನ್ನು ಮಾತ್ರ. 325ನೆಯ ಕಲಮು ಪ್ರಾಣಿಯನ್ನು ಕೊಲ್ಲುವ, ಅಂಗಹೀನ ಮಾಡುವ ಅಪರಾಧಕ್ಕೆ ಐದು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಅಲ್ಲಿ ಉದ್ದೇಶವನ್ನೋ, ಹೀಗಾಗಬಹುದೆಂಬ ಅರಿವನ್ನೋ ತೋರಿಸಿಕೊಡಬೇಕು. ಬಿಟ್ಟ ನಾಯಿಯ ಬಾಯಿಗೆ ಬಿದ್ದ ಆಡು ಈ ಎರಡು ಕಲಮುಗಳ ನಡುವಿನ ಸಂದಿಯಲ್ಲಿ ಸತ್ತಿದೆ. ಇಂಗ್ಲೆಂಡಿನ ಹಳೆಯ ನ್ಯಾಯಪದ್ಧತಿಯಲ್ಲಿಯೂ ನಾಯಿಯ ದುಃಸ್ವಭಾವ ಯಜಮಾನನಿಗೆ ಮೊದಲೇ ಗೊತ್ತಿತ್ತೆಂದು ಸಾಧಿಸಬೇಕಾಗಿತ್ತು. ಕುರಿ ದನಗಳ ಮಟ್ಟಿಗೆ ಆ ಸಾಕ್ಷ್ಯ ಬೇಡವೆಂದು 1865ರಲ್ಲಿಯೇ ಅಲ್ಲಿ ಕಾನೂನು ಮಾಡಿದರು. ನಮ್ಮ ದಂಡಸಂಹಿತೆಯನ್ನು ಹೊಸದಾಗಿ ಬರೆದವರು ಈ ಸಂದಿಯನ್ನು ಮುಚ್ಚಬಹುದಾಗಿತ್ತು, ಮುಚ್ಚಲಿಲ್ಲ. 2025ರಲ್ಲಿ ಬೀದಿನಾಯಿಗಳ ವಿಚಾರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ಶಾಲೆ ಆಸ್ಪತ್ರೆಗಳ ಆವರಣದಿಂದ ಅವುಗಳನ್ನು ತೆಗೆಯಬೇಕೆಂದು ನವೆಂಬರ 7ರಂದು ಆಜ್ಞೆಯಾಯಿತು. ಪತ್ರಿಕೆಗಳು ತಿಂಗಳುಗಟ್ಟಲೆ ಅದನ್ನೇ ಬರೆದುವು. ಯಜಮಾನನಿಲ್ಲದ ನಾಯಿಯ ಮೇಲೆ ದೇಶವೇ ವಾದ ಹೂಡಿತು. ಯಜಮಾನನಿರುವ ನಾಯಿಯ ಮಾತೆತ್ತಲು ನಮಗೆ ದಾಕ್ಷಿಣ್ಯ.

“ಕಟ್ಟಿಹಾಕುವುದು ಹಿಂಸೆಯಲ್ಲವೆ?” ಎಂದು ಕೆಲವರು ಕರುಣೆಯ ಮಾತಾಡುತ್ತಾರೆ. 1960ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆ ಅದಕ್ಕೂ ಉತ್ತರ ಹೇಳಿದೆ: ಅತಿ ಗಿಡ್ಡ, ಅತಿ ಭಾರದ ಸಂಕಲೆಯಲ್ಲಿ ಬಹುಕಾಲ ಕಟ್ಟುವುದು ತಪ್ಪು, ಸದಾ ಕಟ್ಟಿಟ್ಟ ನಾಯಿಯನ್ನು ನಡೆದಾಡಿಸದಿರುವುದೂ ತಪ್ಪು. ಎಂದರೆ ಯಜಮಾನನು ಹಗ್ಗ ಹಿಡಿದು ತಾನೂ ನಾಯಿಯ ಜತೆ ನಡೆಯಬೇಕು. ಅದು ಬೇಸರದ ಕೆಲಸವಾದುದರಿಂದ ಗೇಟು ತೆರೆಯುತ್ತಾರೆ. ತಮ್ಮ ಸೋಮಾರಿತನಕ್ಕೆ ನಾಯಿಯ ಸ್ವಾತಂತ್ರ್ಯವೆಂಬ ಹೆಸರಿಡುತ್ತಾರೆ.

ಸಿಟ್ಟಿನಲ್ಲಿ ಅನ್ನಕ್ಕೆ ವಿಷ ಕಲಸಿ ಇಡುವವರೂ ನಮ್ಮ ಊರುಗಳಲ್ಲಿ ಇದ್ದಾರೆ. ಅವರಿಗೆ ಹೇಳತಕ್ಕದ್ದು ಇಷ್ಟು: ಆ ಅನ್ನವನ್ನು ಯಾವ ಮನೆಯ ಬೆಕ್ಕು ತಿನ್ನುವುದೋ ಬಲ್ಲವರಿಲ್ಲ, ಮತ್ತು ಮೇಲೆ ಹೇಳಿದ 325ನೆಯ ಕಲಮಿಗೆ ಬೇಕಾದ ಉದ್ದೇಶ ಅವರಲ್ಲಿ ತುಂಬಿ ತುಳುಕುತ್ತಿರುತ್ತದೆ. ನಾಯಿ ತನ್ನ ಹುಟ್ಟುಗುಣದಂತೆ ಓಡುವುದನ್ನು ಬೆನ್ನಟ್ಟಿತು. ನಮ್ಮ ಜಗಳ ಗೇಟು ತೆರೆದ ಕೈಯೊಡನೆ.

ಆ ಕೈಯನ್ನು ಹಿಡಿಯುವ ಉಪಾಯ ಒಂದು ಕಾಗದ. ‘ನಮಗೆ ಗೊತ್ತಿರಲಿಲ್ಲ, ಅದು ಏನೂ ಮಾಡುವುದಿಲ್ಲವೆಂದು ನಂಬಿದ್ದೆವು’ ಎಂಬ ಮಾತು ಒಂದು ಸಲ ಮಾತ್ರ ನಡೆಯಬೇಕು. ಇಂಥ ತಾರೀಕು, ಇಂಥ ಹೊತ್ತಿಗೆ, ನಿಮ್ಮ ನಾಯಿ ನಮ್ಮ ಪ್ರಾಣಿಯನ್ನು ಕಚ್ಚಿತು ಎಂದು ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದರೆ, ಅಂದಿನಿಂದ ಅವರು ಅರಿತವರಾಗುತ್ತಾರೆ; ಎರಡನೆಯ ಸಲ ಕಾನೂನು ಕೇಳುವ ಅರಿವಿಗೆ ಆ ಅಂಚೆ ರಸೀತಿಯೇ ಸಾಕ್ಷಿಯಾದೀತು, ಸಿವಿಲ್ ದಾವೆಯಲ್ಲಿ ಪರಿಹಾರ ಕೇಳುವುದಕ್ಕೂ ಆಧಾರವಾದೀತು. ಗಾಯದ ಚಿತ್ರ, ಪಶುವೈದ್ಯರ ಚೀಟಿ, ಮದ್ದಿನ ಬಿಲ್ಲು, ಕಂಡವರ ಹೆಸರುಗಳನ್ನು ಅದೇ ದಿನ ಜೋಡಿಸಿಡಬೇಕು. ಒಂದು ಪ್ರತಿ ಪಂಚಾಯತಿಗೆ ಹೋಗಲಿ: ಕೇರಳದಲ್ಲಿ ಪಂಚಾಯತ್‌ರಾಜ್ ಕಾಯಿದೆಯ ಕೆಳಗೆ 1998ರಲ್ಲಿ ಹೊರಟ ಹಂದಿ-ನಾಯಿಗಳ ಲೈಸೆನ್ಸ್ ನಿಯಮಗಳಂತೆ ನಾಯಿ ಸಾಕಲು ಲೈಸೆನ್ಸ್ ಬೇಕು. ಆ ನಾಯಿಗೆ ಲೈಸೆನ್ಸ್ ಇದೆಯೆ, ತಡೆಮದ್ದು ಚುಚ್ಚಿಸಿದ್ದಾರೆಯೆ ಎಂದು ಕೇಳುವುದು ಚಾಡಿಯಲ್ಲ.

ಇಲ್ಲಿ ನಮ್ಮವರು ಹಿಂಜರಿಯುವ ಕಾರಣವೂ ತಿಳಿದದ್ದೇ: ಕಚೇರಿಯ ಭಾಷೆ ಬಾರದು, ಅರ್ಜಿ ಬರೆಯಲು ಇನ್ನೊಬ್ಬರ ಕಾಲು ಹಿಡಿಯಬೇಕು. ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿಯೇ ಬರೆಯಬಹುದೆಂದೂ ಉತ್ತರವನ್ನು ಕನ್ನಡದಲ್ಲಿ ಪಡೆಯಬಹುದೆಂದೂ ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಬರೆದಿಟ್ಟಿತು. ನಾವು ಆ ಹಕ್ಕನ್ನು ಭಾಷಣಗಳಲ್ಲಿ ಬಳಸಿದಷ್ಟು ಅರ್ಜಿಗಳಲ್ಲಿ ಬಳಸಲಿಲ್ಲ. ಏಳನೆಯ ತರಗತಿಯಲ್ಲಿ ‘ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ ಪತ್ರ’ವನ್ನು ವರ್ಷಕ್ಕೆ ಹತ್ತು ಸಲ ಬರೆಸುವ ಬದಲು, ಒಂದು ಸಲವಾದರೂ ಪಂಚಾಯತಿ ಕಾರ್ಯದರ್ಶಿಗೆ ಇಂಥ ಅರ್ಜಿಯನ್ನು ಬರೆಸಿನೋಡಿ. ಮಕ್ಕಳು ತಾವೇ ಬರೆದು ತಂದೆತಾಯಿಗಳ ಸಹಿ ಹಾಕಿಸಲಿ. ಎರಡು ಪ್ರತಿ ಮಾಡಲಿ. ಒಂದನ್ನು ಕಚೇರಿಯಲ್ಲಿ ಕೊಟ್ಟು, ಇನ್ನೊಂದರ ಮೇಲೆ ಮೊಹರನ್ನೂ ತಾರೀಕನ್ನೂ ಹಾಕಿಸಿಕೊಂಡು ಮನೆಗೆ ತರಲಿ.